ಮೀಟರ್ ನನ್ನದು, ಗೋಡೆ ಅವರದು

ಚಳಿಗಾಲದ ಮೊದಲ ರಾತ್ರಿ ಹೀಟರ್ ಹಾಕಿದಾಗ ಮನೆಯಲ್ಲಿ ಒಂದು ವಾಸನೆ ಏಳುತ್ತದೆ. ಆರೇಳು ತಿಂಗಳು ಕೆಲಸವಿಲ್ಲದೆ ಬಿದ್ದಿದ್ದ ತಗಡಿನ ಪೆಟ್ಟಿಗೆಯೊಳಗೆ ಕೂತ ಧೂಳು ಕಾದು ಸೀಯುವ ವಾಸನೆ ಅದು. ಕಿಟಕಿಯ ಕೆಳಗೆ, ನೆಲಕ್ಕೆ ತಾಗಿಕೊಂಡಂತೆ ಗೋಡೆಯುದ್ದಕ್ಕೂ ಮಲಗಿರುವ ಬೇಸ್‌ಬೋರ್ಡ್ ಹೀಟರ್ ತನ್ನ ತಗಡು ಹಿಗ್ಗುವಾಗ ಎರಡು ಮೂರು ಬಾರಿ ಟಕ್ ಟಕ್ ಎನ್ನುತ್ತದೆ, ಆಮೇಲೆ ಸದ್ದಿಲ್ಲದೆ ಕಾಯತೊಡಗುತ್ತದೆ. ಹತ್ತು ನಿಮಿಷದಲ್ಲಿ ಕಾಲ್ಬೆರಳುಗಳಿಗೆ ಜೀವ ಬರುತ್ತದೆ. ಚಳಿ ಪ್ರದೇಶಗಳ ಬಾಡಿಗೆ ಮನೆಗಳಲ್ಲಿ ಇದ್ದವರಿಗೆಲ್ಲ ಈ ಹತ್ತು ನಿಮಿಷದ ಸುಖ ಗೊತ್ತಿರುತ್ತದೆ. ಅದಕ್ಕೆ ತೆರಬೇಕಾದ್ದು ಎಷ್ಟೆಂದು ಗೊತ್ತಾಗುವುದು ತಿಂಗಳು ಕಳೆದು ಬಿಲ್ಲು ಬಂದಾಗ.

ನನಗೂ ಹಾಗೆಯೇ ಗೊತ್ತಾಯಿತು. ನಾನು ಬಾಡಿಗೆಗಿದ್ದ ಮನೆಯ ಡಿಸೆಂಬರ್ ತಿಂಗಳ ಕರೆಂಟ್ ಬಿಲ್ಲು ಸೆಪ್ಟೆಂಬರ್ ಬಿಲ್ಲಿನ ಐದು ಪಟ್ಟಿತ್ತು. ಮೀಟರೇ ಕೆಟ್ಟಿರಬೇಕೆಂದು ಅನುಮಾನಿಸಿ, ಒಂದು ಭಾನುವಾರ ಮನೆಯ ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಮೀಟರಿನ ಮುಂದೆ ನಿಂತು, ಒಂದೊಂದೇ ಹೀಟರನ್ನು ಹಾಕಿಸಿ ಅಂಕಿಗಳು ಓಡುವುದನ್ನು ಗಡಿಯಾರ ಹಿಡಿದು ನೋಡಿದೆ. ಮೀಟರ್ ಸರಿಯಾಗಿಯೇ ಇತ್ತು. ಮನೆಯ ಮಾಲೀಕರಿಗೆ ಫೋನ್ ಮಾಡಿದೆ. ಅವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡು, "ಹೀಟರ್ ಬಿಸಿಯಾಗುತ್ತಿದೆ ತಾನೆ? ಹಾಗಿದ್ದರೆ ಅದರಲ್ಲಿ ದೋಷವೇನೂ ಇಲ್ಲ ಬಿಡಿ" ಎಂದರು. ಅವತ್ತು ನನಗೆ ಸಿಟ್ಟು ಬಂದಿತ್ತು. ಮುಂದಿನ ಕೆಲವು ವಾರ ಓದಿ, ಅಳೆದು, ಲೆಕ್ಕ ಹಾಕಿದ ಮೇಲೆ ಅವರ ಮಾತು ಅಕ್ಷರಶಃ ನಿಜವೆಂದು ತಿಳಿಯಿತು, ಮತ್ತು ಸಿಟ್ಟು ಇನ್ನಷ್ಟು ಹೆಚ್ಚಾಯಿತು.

ಕರೆಂಟಿನ ಹೀಟರಿನಷ್ಟು ಸರಳವಾದ ಯಂತ್ರ ಮನೆಯಲ್ಲಿ ಇನ್ನೊಂದಿಲ್ಲ. ವಿದ್ಯುತ್ತು ಹರಿಯುವಾಗ ತಂತಿ ಒಡ್ಡುವ ತಡೆಯೇ ಶಾಖವಾಗುತ್ತದೆ, ಆ ಶಾಖ ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂಬುದನ್ನು ಜೇಮ್ಸ್ ಪ್ರೆಸ್ಕಾಟ್ ಜೌಲ್ 1840ರ ದಶಕದ ಆರಂಭದಲ್ಲಿಯೇ ತೋರಿಸಿದ್ದರು. ಆದರೆ ಕೆಂಪಗೆ ಕಾದರೂ ಗಾಳಿಯಲ್ಲಿ ಸುಟ್ಟುಹೋಗದ, ಸಾವಿರಾರು ಸಲ ಕಾದು ಆರಿದರೂ ಮುರಿಯದ ತಂತಿ ಅಗ್ಗವಾಗಿ ಸಿಕ್ಕದ್ದು ಇಪ್ಪತ್ತನೆಯ ಶತಮಾನದಲ್ಲಿ. ನಿಕ್ಕಲ್ ಮತ್ತು ಕ್ರೋಮಿಯಂ ಬೆರೆಸಿ ಮಾಡಿದ ಮಿಶ್ರಲೋಹಕ್ಕೆ ಆಲ್ಬರ್ಟ್ ಮಾರ್ಷ್ 1906ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಇಂದಿನ ಬಹುಪಾಲು ಹೀಟರುಗಳ ಹೊಟ್ಟೆಯಲ್ಲಿರುವುದು ಇದೇ ನೈಕ್ರೋಮ್ ತಂತಿ ಅಥವಾ ಅದರ ದಾಯಾದಿ. ಒಂದು ಯೂನಿಟ್ ವಿದ್ಯುತ್ತು ಒಳಗೆ ಹೋದರೆ 36 ಲಕ್ಷ ಜೌಲ್ ಶಾಖ ಹೊರಗೆ ಬರುತ್ತದೆ, ಒಂದು ಜೌಲ್ ಕೂಡ ಕಡಿಮೆಯಾಗುವುದಿಲ್ಲ. ದಕ್ಷತೆ ನೂರಕ್ಕೆ ನೂರು.

ಈ ನೂರಕ್ಕೆ ನೂರು ಎಂಬ ಮಾತು ಮಾರುವವರಿಗೆ ವರ, ಕೊಳ್ಳುವವರಿಗೆ ಗೊಂದಲ. ಸೆರಾಮಿಕ್ ಹೀಟರ್, ಎಣ್ಣೆ ತುಂಬಿದ ಹೀಟರ್, ಫ್ಯಾನ್ ಹೀಟರ್, ಗೋಡೆಗೆ ತೂಗುಹಾಕುವ ನಯವಾದ ಗಾಜಿನ ಫಲಕ ಇವುಗಳಲ್ಲಿ ಯಾವುದು ಕರೆಂಟ್ ಉಳಿಸುತ್ತದೆ ಎಂದು ಗೆಳೆಯರು ಈಗಲೂ ಕೇಳುತ್ತಾರೆ. 1500 ವ್ಯಾಟ್‌ನ ಯಾವ ಹೀಟರ್ ಆದರೂ ಒಂದು ಗಂಟೆಯಲ್ಲಿ ಒಂದೂವರೆ ಯೂನಿಟ್ ತಿಂದು ಅಷ್ಟೇ ಶಾಖ ಕೊಡುತ್ತದೆ. ಎಣ್ಣೆಯದು ನಿಧಾನವಾಗಿ ಕಾದು ನಿಧಾನವಾಗಿ ಆರುತ್ತದೆ, ಫ್ಯಾನಿನದು ಕೂಡಲೇ ಬಿಸಿಗಾಳಿ ಊದುತ್ತದೆ, ಹೊಳೆಯುವ ಕಡ್ಡಿಯದು ಎದುರಿಗೆ ಕೂತವರ ಮೈಯನ್ನು ನೇರವಾಗಿ ಕಾಯಿಸುತ್ತದೆ. ವ್ಯತ್ಯಾಸವಿರುವುದು ಶಾಖ ತಲಪುವ ಬಗೆಯಲ್ಲಿ ಮತ್ತು ವೇಗದಲ್ಲಿ. ಒಬ್ಬರೇ ಮೇಜಿನ ಮುಂದೆ ಕೂತು ಕೆಲಸ ಮಾಡುವುದಾದರೆ ಮೈಗೆ ನೇರ ತಾಗುವ 400 ವ್ಯಾಟ್ ಇಡೀ ಕೋಣೆಯನ್ನು ಕಾಯಿಸುವ 1500 ವ್ಯಾಟ್‌ಗಿಂತ ಮೇಲು ಎನ್ನುವುದು ನಿಜ. ಆದರೆ ಅಲ್ಲಿ ಉಳಿತಾಯವಾಗುವುದು ಕೋಣೆಯನ್ನು ತಣ್ಣಗೆ ಬಿಟ್ಟದ್ದರಿಂದ, ಹೀಟರಿನ ಜಾಣತನದಿಂದಲ್ಲ.

ಹೀಗೆ ನೂರಕ್ಕೆ ನೂರು ಕೆಲಸ ಮಾಡುವ ಸಾಧನವೇ ಬಾಡಿಗೆದಾರನ ಜೇಬನ್ನು ಬರಿದು ಮಾಡುವುದೇಕೆ ಎಂದು ತಿಳಿಯಲು, ಅದನ್ನು ಆ ಗೋಡೆಗೆ ಯಾರು ಹಾಕಿಸಿದರು ಎಂದು ಕೇಳಿಕೊಳ್ಳಬೇಕು. ಬಾಡಿಗೆಗೆಂದು ಕಟ್ಟುವವರಿಗೆ ಬೇಸ್‌ಬೋರ್ಡ್ ಹೀಟರಿಗಿಂತ ಅನುಕೂಲದ ವಸ್ತು ಇನ್ನೊಂದಿಲ್ಲ. ನೆಲಮಾಳಿಗೆಯಲ್ಲಿ ಬಾಯ್ಲರ್ ಬೇಡ, ಗೋಡೆಯೊಳಗೆ ನೀರಿನ ಕೊಳವೆಗಳು ಬೇಡ, ಹೊಗೆಗೂಡು ಬೇಡ, ವರ್ಷಕ್ಕೊಮ್ಮೆ ತಪಾಸಣೆಗೆ ಬರುವ ಮೆಕ್ಯಾನಿಕ್ ಬೇಡ. ತಂತಿ ಎಳೆದು, ತಗಡಿನ ಪೆಟ್ಟಿಗೆ ಬಿಗಿದರೆ ಇಪ್ಪತ್ತು ಮೂವತ್ತು ವರ್ಷ ಅದರ ಕಡೆ ತಿರುಗಿ ನೋಡಬೇಕಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಒಂದೊಂದು ಮನೆಗೂ ಅದರದೇ ಮೀಟರ್ ಇರುವುದರಿಂದ ಶಾಖದ ಖರ್ಚು ತಾನಾಗಿಯೇ ಬಾಡಿಗೆದಾರನ ಹೆಸರಿಗೆ ಹೋಗುತ್ತದೆ. ಯಾವ ಹೀಟರ್ ಹಾಕಿಸಬೇಕೆಂದು ತೀರ್ಮಾನಿಸುವವರು ಒಬ್ಬರು, ಅದು ತಿನ್ನುವ ಕರೆಂಟಿಗೆ ದುಡ್ಡು ಕೊಡುವವರು ಇನ್ನೊಬ್ಬರು. ಕಿಟಕಿಗೆ ಹೊಸ ಗಾಜು ಹಾಕಿಸಿದರೆ, ಗೋಡೆಗೆ ಶಾಖ ತಡೆಯುವ ಹೊದಿಕೆ ತುಂಬಿಸಿದರೆ ಖರ್ಚು ಮಾಲೀಕರದು, ಉಳಿತಾಯ ಬಾಡಿಗೆದಾರನದು. ಆದ್ದರಿಂದ ಮಾಲೀಕರು ಮಾಡಿಸುವುದಿಲ್ಲ. ಬಾಡಿಗೆದಾರ ತಾನೇ ಮಾಡಿಸೋಣವೆಂದರೆ ಮನೆ ತನ್ನದಲ್ಲ, ಇನ್ನೆರಡು ವರ್ಷಕ್ಕೆ ಎಲ್ಲಿರುತ್ತೇನೋ ಗೊತ್ತಿಲ್ಲ. ಆದ್ದರಿಂದ ಅವನೂ ಮಾಡಿಸುವುದಿಲ್ಲ. ಇಬ್ಬರದೂ ತಮ್ಮ ತಮ್ಮ ಮಟ್ಟಿಗೆ ಸರಿಯಾದ ಲೆಕ್ಕ. ನಡುವೆ ಗೋಡೆ ಮಾತ್ರ ಹಾಗೆಯೇ ಉಳಿದುಬಿಡುತ್ತದೆ.

ಶಾಖವನ್ನು ಬಾಡಿಗೆಯೊಳಗೇ ಸೇರಿಸಿಬಿಟ್ಟರೆ ಈ ಗಂಟು ಬಿಚ್ಚುವುದೇ ಎಂದರೆ, ಪೂರ್ತಿ ಇಲ್ಲ. ಸ್ವೀಡನ್ನಿನಲ್ಲಿ ಬಾಡಿಗೆ ಅಪಾರ್ಟ್‌ಮೆಂಟುಗಳ ಶಾಖದ ಖರ್ಚು ಸಾಮಾನ್ಯವಾಗಿ ಬಾಡಿಗೆಯಲ್ಲಿಯೇ ಸೇರಿರುತ್ತದೆ. ಅಲ್ಲಿ ಕಟ್ಟಡವನ್ನು ಸುಧಾರಿಸುವ ಆಸಕ್ತಿ ಮಾಲೀಕರಿಗೆ ಸಹಜವಾಗಿಯೇ ಇರುತ್ತದೆ. ಆದರೆ ಲೆಕ್ಕ ತನಗೆ ತಟ್ಟದ ಮನೆಯಲ್ಲಿ ಸೆಕೆಯಾದರೆ ಹೀಟರ್ ತಗ್ಗಿಸುವ ಬದಲು ಕಿಟಕಿ ತೆರೆಯುವುದು ಮನುಷ್ಯನ ಸ್ವಭಾವ. ಎರಡರಲ್ಲಿ ಒಂದನ್ನು ಆರಿಸಿ ಎಂದರೆ ನಾನು ತೆರೆದ ಕಿಟಕಿಯನ್ನೇ ಆರಿಸುತ್ತೇನೆ, ಏಕೆಂದರೆ ಕಿಟಕಿಯನ್ನು ಮುಚ್ಚಬಹುದು. ಹೊದಿಕೆಯೇ ಇಲ್ಲದೆ ಕಟ್ಟಿದ ಗೋಡೆಗೆ ಒಳಗಿದ್ದವನು ಏನೂ ಮಾಡಲಾರ.

ಆ ಗೋಡೆಯ ಮತ್ತು ಕಿಟಕಿಯ ಲೆಕ್ಕವನ್ನು ನಾನು ಕಾಗದದ ಮೇಲೆ ಹಾಕಿ ನೋಡಿದ್ದೆ. ನನ್ನ ಮಲಗುವ ಕೋಣೆಯಲ್ಲಿ ಒಂಟಿ ಗಾಜಿನ ಒಂದು ಹಳೆಯ ಕಿಟಕಿಯಿತ್ತು, 1.2 ಮೀಟರ್ ಅಗಲ, 1.5 ಮೀಟರ್ ಎತ್ತರ, ಅಂದರೆ 1.8 ಚದರ ಮೀಟರ್. ಒಂಟಿ ಗಾಜಿನಲ್ಲಿ ಒಂದು ಚದರ ಮೀಟರಿಗೆ, ಒಳ ಹೊರಗಿನ ಒಂದು ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 5 ವ್ಯಾಟ್ ಶಾಖ ಸೋರುತ್ತದೆ. ಒಳಗೆ 20 ಡಿಗ್ರಿ, ಹೊರಗೆ ಸೊನ್ನೆಗಿಂತ 10 ಡಿಗ್ರಿ ಕೆಳಗಿದ್ದರೆ ವ್ಯತ್ಯಾಸ 30. ಗುಣಿಸಿದರೆ 270 ವ್ಯಾಟ್. ಹಗಲು ರಾತ್ರಿ ಹೀಗೇ ಇದ್ದರೆ ದಿನಕ್ಕೆ ಸುಮಾರು ಆರೂವರೆ ಯೂನಿಟ್, ತಿಂಗಳಿಗೆ 194 ಯೂನಿಟ್. ಒಂದು ಕಿಟಕಿಯ ಗಾಜಿನಿಂದ ಮಾತ್ರ! ಅದೇ ಕಿಟಕಿಗೆ ಸಾಧಾರಣ ಜೋಡಿ ಗಾಜು ಇದ್ದಿದ್ದರೆ ಸೋರಿಕೆ ಹೆಚ್ಚುಕಡಿಮೆ ಅರ್ಧವಾಗುತ್ತಿತ್ತು; ಈಗಿನ ಒಳ್ಳೆಯ ಜೋಡಿ ಗಾಜಿನದಾಗಿದ್ದರೆ ಕಾಲು ಭಾಗದ ಸುತ್ತಮುತ್ತ ಇರುತ್ತಿತ್ತು. ಚೌಕಟ್ಟಿನ ಸಂದುಗಳಲ್ಲಿ ನುಗ್ಗುವ ಗಾಳಿಯನ್ನು ಈ ಲೆಕ್ಕಕ್ಕೆ ಹಿಡಿದಿಲ್ಲ. ತೆಳ್ಳನೆಯ ಟಿಶ್ಯೂ ಕಾಗದದ ಪಟ್ಟಿಯೊಂದನ್ನು ಆ ಸಂದಿನ ಹತ್ತಿರ ಹಿಡಿದರೆ, ಕಿಟಕಿ ಭದ್ರವಾಗಿ ಮುಚ್ಚಿದ್ದರೂ ಅದು ಒಳಮುಖವಾಗಿ ಬಾಗಿ ಮೆಲ್ಲಗೆ ನಡುಗುತ್ತಿತ್ತು.

ಹೀಟರನ್ನು ಕಿಟಕಿಯ ಕೆಳಗೇ ಏಕೆ ಇಡುತ್ತಾರೆ ಎಂಬುದೂ ಆಗ ಅರ್ಥವಾಯಿತು. ತಣ್ಣಗಿನ ಗಾಜಿಗೆ ತಾಗಿದ ಗಾಳಿ ಭಾರವಾಗಿ ಕೆಳಗೆ ಜಾರಿ, ನೆಲದ ಮೇಲೆ ಹರಡಿ, ಕೂತವರ ಕಣಕಾಲನ್ನು ಹಿಡಿಯುತ್ತದೆ. ಅದು ಜಾರುವ ಜಾಗದಲ್ಲಿಯೇ ಹೀಟರ್ ಇದ್ದರೆ ಮೇಲೇಳುವ ಬಿಸಿಗಾಳಿ ಅದನ್ನು ಎದುರಿಸುತ್ತದೆ, ಕೋಣೆಯಲ್ಲಿ ಕೂತವರಿಗೆ ಹಾಯೆನಿಸುತ್ತದೆ. ಇದು ಚಳಿಗೆ ಮದ್ದು ಹೌದು, ಬಿಲ್ಲಿಗಲ್ಲ. ಕಾದ ಗಾಳಿ ಮೊದಲು ಮುತ್ತಿಕೊಳ್ಳುವುದು ಅತಿ ಹೆಚ್ಚು ಶಾಖ ಸೋರುವ ಆ ಗಾಜನ್ನೇ. ಉದ್ದನೆಯ ಪರದೆಯೊಂದನ್ನು ಹೀಟರಿನ ಮುಂದೆ ಇಳಿಬಿಟ್ಟರಂತೂ ಪರದೆಗೂ ಗಾಜಿಗೂ ನಡುವೆ ಬೀದಿಗೆ ಶಾಖ ಸಾಗಿಸುವ ಕಾಲುವೆಯನ್ನು ನಾವೇ ತೋಡಿದಂತೆ, ಜೊತೆಗೆ ಬಟ್ಟೆಗೆ ಬೆಂಕಿ ತಗಲುವ ಭಯ ಬೇರೆ. ನಾನು ಮೊದಲ ಚಳಿಗಾಲದಲ್ಲಿ ಈ ತಪ್ಪನ್ನು ಮಾಡಿದ್ದೆ. ಅದಲ್ಲದೆ ಸೋಫಾವನ್ನೂ ಹೀಟರಿಗೆ ಒತ್ತಿ ಇಟ್ಟಿದ್ದೆ. ಸೋಫಾದ ಬೆನ್ನು ಬೆಚ್ಚಗಿತ್ತು, ನನ್ನ ಬೆನ್ನು ಅಲ್ಲ.

ಕೋಣೆಯ ತಾಪಮಾಪಕ 20 ತೋರಿಸುತ್ತಿದ್ದರೂ ಮೈ ಚಳಿಯೆನ್ನುವುದು ಏಕೆಂಬುದು ನನ್ನನ್ನು ಬಹಳ ದಿನ ಕಾಡಿತ್ತು. ದೇಹ ಗಾಳಿಯೊಡನೆ ಮಾತ್ರ ಶಾಖದ ಕೊಡುಕೊಳ್ಳುವಿಕೆ ನಡೆಸುವುದಿಲ್ಲ. ಸುತ್ತಲಿನ ಗೋಡೆ, ಗಾಜು, ನೆಲ, ಚಾವಣಿಗಳಿಗೂ ಶಾಖವನ್ನು ಕಿರಣರೂಪದಲ್ಲಿ ಕಳೆದುಕೊಳ್ಳುತ್ತಿರುತ್ತದೆ. ಗಾಳಿ 20 ಡಿಗ್ರಿ, ಸುತ್ತಲಿನ ಮೇಲ್ಮೈಗಳ ಸರಾಸರಿ 14 ಡಿಗ್ರಿ ಇದ್ದರೆ ನಮಗೆ ಅನ್ನಿಸುವ ತಾಪ ಸುಮಾರು 17. ಹಾಗಾಗಿಯೇ ತಣ್ಣಗಿನ ಗೋಡೆಯ ಮನೆಯಲ್ಲಿರುವವರು ಕೋಣೆಯ ತಾಪವನ್ನು ಗೊತ್ತುಮಾಡುವ ಗುಂಡಿಯಾದ ಥರ್ಮೋಸ್ಟಾಟನ್ನು 23ಕ್ಕೆ ಏರಿಸುತ್ತಾರೆ, ಏರಿಸಿದಷ್ಟೂ ಸೋರಿಕೆ ಹೆಚ್ಚುತ್ತದೆ. ಕೆಟ್ಟ ಕಟ್ಟಡ ತನ್ನೊಳಗಿದ್ದವರಿಂದ ಎರಡು ಸಲ ಸುಂಕ ವಸೂಲಿ ಮಾಡುವ ಬಗೆ ಇದು.

ಥರ್ಮೋಸ್ಟಾಟಿನ ವಿಷಯದಲ್ಲಿ ಜನರಿಗೆ ಎರಡು ಗಟ್ಟಿ ನಂಬಿಕೆಗಳಿವೆ. ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರೆ ಕೋಣೆ ಬೇಗ ಕಾಯುತ್ತದೆ ಎಂಬುದು ಒಂದು. ಆ ಹಳೆಯ ಗುಂಡಿಯ ಹಿಂದೆ ಇರುವುದು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದ ಒಂದು ಪಟ್ಟಿ. ಅದು ಬಾಗಿದಾಗ ಸಂಪರ್ಕ ಕಡಿಯುತ್ತದೆ, ನೆಟ್ಟಗಾದಾಗ ಕೂಡುತ್ತದೆ. ಹೀಟರಿಗೆ ಗೊತ್ತಿರುವುದು ಹಾಕು, ಆರಿಸು ಎಂಬ ಎರಡೇ ಮಾತು. 19ಕ್ಕೆ ಇಟ್ಟರೂ 30ಕ್ಕೆ ಇಟ್ಟರೂ ಅದು ಕಾಯುವ ವೇಗ ಒಂದೇ, 30ಕ್ಕೆ ಇಟ್ಟು ಮರೆತರೆ ನಿಲ್ಲುವುದು ಮಾತ್ರ ತಡವಾಗುತ್ತದೆ. ಇಡೀ ದಿನ ಹಾಕಿಯೇ ಇಟ್ಟರೆ ಆರಿಸಿ ಮತ್ತೆ ಹಾಕುವುದಕ್ಕಿಂತ ಕಡಿಮೆ ಕರೆಂಟ್ ಆಗುತ್ತದೆ ಎಂಬುದು ಇನ್ನೊಂದು ನಂಬಿಕೆ. ಕರೆಂಟಿನ ಸಾದಾ ಹೀಟರಿನ ಮಟ್ಟಿಗೆ ಇದು ಸುಳ್ಳು. ಮನೆ ತಣ್ಣಗಿರುವ ಅಷ್ಟು ಹೊತ್ತೂ ಹೊರಕ್ಕೆ ಸೋರುವ ಶಾಖ ಕಡಿಮೆಯಿರುತ್ತದೆ. ಮತ್ತೆ ಕಾಯಿಸಲು ತಗಲುವುದು ಅಷ್ಟರಲ್ಲಿ ಉಳಿದದ್ದಕ್ಕಿಂತ ಎಂದೂ ಹೆಚ್ಚಾಗದು. ಆದರೂ ನಾನು ಕೆಲಸಕ್ಕೆ ಹೋಗುವಾಗ ಪೂರ್ತಿ ಆರಿಸದೆ 15 ಡಿಗ್ರಿಗೆ ಇಟ್ಟು ಹೋಗುತ್ತಿದ್ದೆ. ಹೊರಗೋಡೆಗೆ ಒತ್ತಿಕೊಂಡ ನೀರಿನ ಕೊಳವೆ ಹೆಪ್ಪುಗಟ್ಟಿ ಒಡೆದರೆ ಉಳಿಸಿದ್ದೆಲ್ಲ ಒಂದೇ ದಿನದಲ್ಲಿ ಹರಿದುಹೋಗುತ್ತದೆ.

15ಕ್ಕೆ ಇಳಿಸಲು ಇನ್ನೊಂದು ಹಿಂಜರಿಕೆಯೂ ಇತ್ತು, ಅದು ಬೂಷ್ಟಿನದು. 20 ಡಿಗ್ರಿಯ ಒಂದು ಘನಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 17 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು, ಸೊನ್ನೆ ಡಿಗ್ರಿಯ ಗಾಳಿ ಐದು ಗ್ರಾಮಿಗಿಂತ ತುಸು ಕಡಿಮೆ. ಉಸಿರು, ಅಡುಗೆ, ಸ್ನಾನ, ಹೊರಗೆ ಒಣಹಾಕಲಾಗದೆ ಕೋಣೆಯಲ್ಲಿ ಹರವಿದ ಬಟ್ಟೆ ಇವೆಲ್ಲ ಗಾಳಿಗೆ ನೀರು ತುಂಬುತ್ತಲೇ ಇರುತ್ತವೆ. ಆ ಗಾಳಿ ಬೀರುವಿನ ಹಿಂದಿನ ತಣ್ಣಗಿನ ಮೂಲೆಯನ್ನು ಮುಟ್ಟಿದಾಗ ನೀರನ್ನು ಅಲ್ಲಿಯೇ ಬಿಡುತ್ತದೆ. ಒಳಗೆ 20 ಡಿಗ್ರಿ, ಅರ್ಧದಷ್ಟು ತೇವವಿದ್ದರೆ ಗೋಡೆ 9 ಡಿಗ್ರಿಗೆ ಇಳಿದಾಗ ಬೆವರುತ್ತದೆ; ಬೂಷ್ಟು ಅಷ್ಟರವರೆಗೂ ಕಾಯುವುದಿಲ್ಲ, ಗೋಡೆಯ ಮೇಲಿನ ತೇವ ಬಹುದಿನ ಹೆಚ್ಚಾಗಿಯೇ ಇದ್ದರೆ ಅದಕ್ಕೆ ಸಾಕು. ಫೆಬ್ರವರಿಯಲ್ಲಿ ಬೀರುವನ್ನು ಸರಿಸಿದಾಗ ಗೋಡೆಯ ಮೂಲೆಯಿಂದ ಮೊಣಕಾಲೆತ್ತರದವರೆಗೆ ಕಪ್ಪು ಚುಕ್ಕೆಗಳು ಹರಡಿದ್ದವು, ಹತ್ತಿರ ಹೋಗಿ ನೋಡಿದರೆ ಒಂದೊಂದು ಚುಕ್ಕೆಯ ಸುತ್ತಲೂ ಬೂದು ಬಣ್ಣದ ನವಿರಾದ ರೋಮ. ನನ್ನ ಒಂದು ಉಣ್ಣೆಯ ಕೋಟು ಅದಕ್ಕೆ ಆಹುತಿಯಾಗಿತ್ತು.

ಇಲ್ಲಿಂದ ಮುಂದೆ ನಡೆಯುವ ವಾದ ಎಲ್ಲ ಚಳಿ ದೇಶಗಳ ಬಾಡಿಗೆ ಮನೆಗಳಲ್ಲಿಯೂ ಒಂದೇ. "ನೀವು ಕಿಟಕಿ ತೆರೆಯುವುದಿಲ್ಲ, ಮನೆಯನ್ನು ಸರಿಯಾಗಿ ಕಾಯಿಸುವುದಿಲ್ಲ, ಅದಕ್ಕೇ ಬೂಷ್ಟು" ಎಂದು ಮಾಲೀಕರು. "ಕಾಯಿಸಲು ಬಿಲ್ಲು ಬಿಡುವುದಿಲ್ಲ, ಕಿಟಕಿ ತೆರೆಯದಿದ್ದರೂ ಗಾಳಿ ನುಗ್ಗುತ್ತದೆ, ದೋಷ ಗೋಡೆಯದು" ಎಂದು ಬಾಡಿಗೆದಾರ. ನ್ಯಾಯವಾಗಿ ಹೇಳಬೇಕೆಂದರೆ ಮಾಲೀಕರ ಮಾತಿನಲ್ಲೂ ಹುರುಳಿತ್ತು. ಕೊರೆಯುವ ಚಳಿಯ ಹೊರಗಾಳಿಯಲ್ಲಿ ನೀರಿನ ಅಂಶ ತೀರ ಕಡಿಮೆ. ಎರಡು ಕಿಟಕಿಗಳನ್ನು ಐದು ನಿಮಿಷ ಪೂರ್ತಿ ತೆರೆದು ಮುಚ್ಚಿದರೆ ತೇವದ ಗಾಳಿ ಹೋಗಿ ಒಣಗಾಳಿ ಬರುತ್ತದೆ, ಗೋಡೆ ಮತ್ತು ಸಾಮಾನುಗಳಲ್ಲಿ ಕೂತಿರುವ ಶಾಖ ಅಷ್ಟರಲ್ಲಿ ಓಡಿಹೋಗುವುದಿಲ್ಲ. ಕಿಟಕಿಯನ್ನು ಬೆರಳಗಲ ತೆರೆದು ಇಡೀ ದಿನ ಬಿಡುವುದಕ್ಕಿಂತ ಇದು ಎಷ್ಟೋ ಮೇಲು. ನಾನು ಅಂದಿನಿಂದ ಬೆಳಿಗ್ಗೆ, ಸಂಜೆ ಇದನ್ನು ಪಾಲಿಸಿದೆ, ಬೀರುವನ್ನು ಗೋಡೆಯಿಂದ ಒಂದು ಗೇಣು ದೂರ ಇಟ್ಟೆ. ಬೂಷ್ಟು ಕಡಿಮೆಯಾಯಿತು, ಹೋಗಲಿಲ್ಲ.

ಗೋಡೆಯ ಹೀಟರ್ ಸಾಲದೆ ಬಂದಾಗ ಜನ ಅಂಗಡಿಗೆ ಹೋಗಿ ಎತ್ತಿಡುವ ಹೀಟರ್ ತರುತ್ತಾರೆ. ಇದರ ಅಪಾಯವನ್ನು ಹಗುರಾಗಿ ಹೇಳಿ ಮುಗಿಸಲಾರೆ. 2022ರ ಜನವರಿ 9ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 19 ಮಹಡಿಗಳ ಬಾಡಿಗೆ ಕಟ್ಟಡವೊಂದರ ಮನೆಯಲ್ಲಿ ಇಂಥದೊಂದು ಹೀಟರಿನಿಂದ ಬೆಂಕಿ ಹೊತ್ತಿತು. ಬೆಂಕಿ ಹೆಚ್ಚು ದೂರ ಹಬ್ಬಲಿಲ್ಲ. ತಾನಾಗಿ ಮುಚ್ಚಿಕೊಳ್ಳಬೇಕಿದ್ದ ಬಾಗಿಲುಗಳು ಮುಚ್ಚಿಕೊಳ್ಳದೆ ಹೊಗೆ ಮೆಟ್ಟಿಲುಗಳನ್ನು ತುಂಬಿ 17 ಮಂದಿ ಸತ್ತರು, ಅವರಲ್ಲಿ 8 ಮಕ್ಕಳು. ಹೀಟರಿನ ಪ್ಲಗ್ಗನ್ನು ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಬಾರದು, ಸುತ್ತ ಮೂರಡಿ ಜಾಗದಲ್ಲಿ ಹಾಸಿಗೆ, ಪರದೆ, ಬಟ್ಟೆ ಇರಬಾರದು, ಮಲಗುವಾಗ ಆರಿಸಬೇಕು ಎಂದು ಅಗ್ನಿಶಾಮಕದವರು ಹೇಳುತ್ತಲೇ ಇರುತ್ತಾರೆ. ಮಾತು ಸರಿಯೇ. 1500 ವ್ಯಾಟ್‌ನ ಹೀಟರ್ ಅಮೆರಿಕದ 120 ವೋಲ್ಟಿನಲ್ಲಿ ಹನ್ನೆರಡೂವರೆ ಆಂಪಿಯರ್ ಎಳೆಯುತ್ತದೆ, ಅದೂ ಗಂಟೆಗಟ್ಟಲೆ. ಸಡಿಲಗೊಂಡ ಹಳೆಯ ಸಾಕೆಟ್ಟಿಗೆ, ತೆಳು ವೈರಿಗೆ ಅದು ದೊಡ್ಡ ಹೊರೆ. ನಾನು ರಾತ್ರಿ ಏಳುವಾಗೆಲ್ಲ ಪ್ಲಗ್ಗನ್ನು ಬೆರಳಿಂದ ಮುಟ್ಟಿ ನೋಡುವ ಅಭ್ಯಾಸ ಮಾಡಿಕೊಂಡಿದ್ದೆ. ಬೆಚ್ಚಗಿದ್ದರೆ ಸರಿ, ಬಿಸಿಯೆನಿಸಿದರೆ ಅಂದಿಗೆ ಹೀಟರ್ ಬಂದ್. ಆದರೆ ಮಲಗುವಾಗ ಆರಿಸಿ ಎಂಬ ಸಲಹೆ ಗೋಡೆಯ ಹೀಟರ್ ಸಾಕಾಗುವ ಮನೆಯವರಿಗೆ. ಮಗುವಿನ ಕೋಣೆ ರಾತ್ರಿ 12 ಡಿಗ್ರಿಗೆ ಇಳಿಯುವ ಮನೆಯ ತಾಯಿ ಆ ಸಲಹೆಯನ್ನು ಕೇಳಿಸಿಕೊಂಡು ಏನು ಮಾಡಬೇಕು?

ಕಾನೂನುಗಳು ಈ ಪ್ರಶ್ನೆಯನ್ನು ಬೇರೆ ಬೇರೆ ಬಾಗಿಲುಗಳಿಂದ ಪ್ರವೇಶಿಸಿವೆ. ವಿಶ್ವ ಆರೋಗ್ಯ ಸಂಸ್ಥೆ 2018ರ ತನ್ನ ವಸತಿ ಮಾರ್ಗಸೂಚಿಯಲ್ಲಿ ಚಳಿಗಾಲದಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಬೇಕೆಂದಿತು. ನ್ಯೂಯಾರ್ಕ್ ನಗರದಲ್ಲಿ ಅಕ್ಟೋಬರ್ 1ರಿಂದ ಮೇ 31ರವರೆಗೆ, ಹೊರಗಿನ ತಾಪ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆಯಾದರೆ ಹಗಲಲ್ಲಿ ಒಳಗೆ 68 ಇರಲೇಬೇಕು, ರಾತ್ರಿ ಹೊರಗೆ ಎಷ್ಟೇ ಇರಲಿ 62. ಇವು ತಾಪದ ನಿಯಮಗಳು. ಆ ತಾಪವನ್ನು ಎಷ್ಟು ಯೂನಿಟ್ ಸುಟ್ಟು ಮುಟ್ಟಬೇಕು ಎಂಬ ವಿಷಯಕ್ಕೆ ಇವು ಹೋಗುವುದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್ 2018ರ ಏಪ್ರಿಲ್‌ನಿಂದ ಕಟ್ಟಡದ ಬಾಗಿಲಿನಿಂದ ಬಂದವು: ಇಂಧನ ದಕ್ಷತೆಯಲ್ಲಿ ಎ ಯಿಂದ ಜಿ ವರೆಗಿನ ಶ್ರೇಣಿಯಲ್ಲಿ ಕನಿಷ್ಠ ಇ ಇಲ್ಲದ ಮನೆಯನ್ನು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಹೊಸದಾಗಿ ಬಾಡಿಗೆಗೆ ಕೊಡುವಂತಿಲ್ಲ. ನನಗೆ ಬಹಳ ಹಿಡಿಸಿದ್ದು ನ್ಯೂಜಿಲೆಂಡಿನ ನಿಯಮ. ಅಲ್ಲಿ 2025ರ ಜುಲೈ 1ರ ಹೊತ್ತಿಗೆ ಎಲ್ಲ ಖಾಸಗಿ ಬಾಡಿಗೆ ಮನೆಗಳ ಮುಖ್ಯ ಕೋಣೆಯಲ್ಲಿಯೂ 18 ಡಿಗ್ರಿ ತಲಪಿಸಬಲ್ಲ ಸ್ಥಿರವಾದ ಹೀಟರ್ ಇರಬೇಕಾಯಿತು, ಮತ್ತು ಆ ಕೋಣೆಗೆ 2.4 ಕಿಲೋವ್ಯಾಟ್‌ಗಿಂತ ಹೆಚ್ಚು ಶಾಖ ಬೇಕಾಗುವುದಾದರೆ, ಸಾಮಾನ್ಯವಾಗಿ, ಕರೆಂಟಿನ ಸಾದಾ ಹೀಟರ್ ಹಾಕಿ ಮಾಲೀಕರು ಕೈತೊಳೆದುಕೊಳ್ಳುವಂತಿಲ್ಲ. ಹೊರಗಿನ ಗಾಳಿಯ ಶಾಖವನ್ನು ಎತ್ತಿ ಒಳಗೆ ತರುವ ಹೀಟ್ ಪಂಪ್‌ನಂಥದ್ದು ಬೇಕು. ಬಿಲ್ಲು ಕಟ್ಟುವವರನ್ನು ನೆನಪಿಟ್ಟುಕೊಂಡು ಬರೆದ ನಿಯಮ ಎಂದು ಅದನ್ನು ಓದಿದಾಗ ಅನ್ನಿಸಿತು.

ಫ್ರಾನ್ಸಿನ ಕಥೆ ಸ್ವಲ್ಪ ವಿಚಿತ್ರ. ಅಲ್ಲಿ ಜನ ಹಳೆಯ ಕರೆಂಟ್ ಹೀಟರನ್ನು ಬ್ರೆಡ್ಡು ಸುಡುವ ಟೋಸ್ಟರಿಗೆ ಹೋಲಿಸಿ ಅದೇ ಹೆಸರಿನಿಂದ ಕರೆಯುತ್ತಾರೆ, ಶಾಖ ಸೋರುವ ಮನೆಯನ್ನು ಜರಡಿ ಎನ್ನುತ್ತಾರೆ. 2025ರ ಜನವರಿ 1ರಿಂದ ಜಿ ಶ್ರೇಣಿಯ ಮನೆಗಳನ್ನು ಹೊಸದಾಗಿ ಬಾಡಿಗೆಗೆ ಕೊಡುವಂತಿಲ್ಲ. 2028ರಲ್ಲಿ ಎಫ್, 2034ರಲ್ಲಿ ಇ ಶ್ರೇಣಿಯ ಸರದಿ. ಶ್ರೇಣಿ ಕಟ್ಟುವಾಗ ಒಂದು ಯೂನಿಟ್ ವಿದ್ಯುತ್ತನ್ನು 2.3 ಯೂನಿಟ್ ಮೂಲ ಇಂಧನವೆಂದು, ಅಂದರೆ ಆ ವಿದ್ಯುತ್ತನ್ನು ತಯಾರಿಸಲು ಖರ್ಚಾಗುವ ಇಂಧನವೆಂದು, ಎಣಿಸಲಾಗುತ್ತಿತ್ತು, ಹಾಗಾಗಿ ಕರೆಂಟಿನಿಂದ ಕಾಯುವ ಸಣ್ಣ ಫ್ಲ್ಯಾಟುಗಳು ಕೆಳಗಿನ ಶ್ರೇಣಿಗಳಿಗೆ ಬೀಳುತ್ತಿದ್ದವು. 2026ರ ಜನವರಿ 1ರಿಂದ ಆ ಗುಣಕವನ್ನು 1.9ಕ್ಕೆ ಇಳಿಸಲಾಯಿತು. ಅಲ್ಲಿನ ವಿದ್ಯುತ್ತಿನಲ್ಲಿ ಕಲ್ಲಿದ್ದಲಿನ ಪಾಲು ತೀರ ಅತ್ಯಲ್ಪವಾದ್ದರಿಂದ ಕರೆಂಟಿನ ಮನೆಗಳಿಗೆ ಅನ್ಯಾಯವಾಗುತ್ತಿತ್ತು ಎಂಬ ವಾದದಲ್ಲಿ ತಿರುಳಿದೆ. ಆದರೂ ಕಾಗದದ ಮೇಲೆ ಒಂದು ಅಂಕಿ ಬದಲಾದದ್ದರಿಂದ, ಒಂದು ಇಟ್ಟಿಗೆಯೂ ಕದಲದೆ, ಕಿಟಕಿಯ ಗಾಜು ಹಳೆಯದೇ ಇದ್ದರೂ ಬಹಳಷ್ಟು ಮನೆಗಳು ರಾತ್ರೋರಾತ್ರಿ ಒಳ್ಳೆಯ ಮನೆಗಳಾದವು. ಒಳಗೆ ಕೂತವರ ಕಣಕಾಲಿಗೆ ತಾಗುವ ತಣ್ಣಗಿನ ಗಾಳಿಗೆ ಈ ಸುದ್ದಿ ಮುಟ್ಟಿರಲಾರದು.

ಬ್ರಿಟನ್ನಿನ ರಾತ್ರಿ ಹೀಟರುಗಳ ಬಗ್ಗೆ ಒಂದೆರಡು ಮಾತು. 1978ರಲ್ಲಿ ಶುರುವಾದ ಎಕಾನಮಿ 7 ಎಂಬ ದರಪಟ್ಟಿಯಲ್ಲಿ ರಾತ್ರಿಯ ಏಳು ಗಂಟೆ ವಿದ್ಯುತ್ತು ಅಗ್ಗ. ಆ ಹೊತ್ತಿನಲ್ಲಿ ಭಾರವಾದ ಇಟ್ಟಿಗೆಗಳನ್ನು ಕಾಯಿಸಿಟ್ಟು ಹಗಲಲ್ಲಿ ಶಾಖ ಬಿಡಿಸುವ ಪೆಟ್ಟಿಗೆಗಳು ಸಾವಿರಾರು ಬಾಡಿಗೆ ಫ್ಲ್ಯಾಟುಗಳಿಗೆ ಬಂದವು. ಉಪಾಯವೇನೋ ಚೆನ್ನ, ಆದರೆ ನಾಳೆ ಎಷ್ಟು ಚಳಿಯಿರುತ್ತದೆ ಎಂದು ಇಂದೇ ಊಹಿಸಿ ಗುಂಡಿ ತಿರುಗಿಸಬೇಕು. ಹಳೆಯ ಪೆಟ್ಟಿಗೆಗಳಲ್ಲಿ ಶಾಖದ ಬಹುಪಾಲು ಮನೆಯವರು ಕೆಲಸಕ್ಕೆ ಹೋಗಿರುವಾಗ ಸೋರಿ, ಸಂಜೆ ಅವರು ಮರಳುವ ಹೊತ್ತಿಗೆ ಇಟ್ಟಿಗೆ ಆರಿರುತ್ತಿತ್ತು. ಆಗ ಹಗಲಿನ ದುಬಾರಿ ದರದಲ್ಲಿ ಫ್ಯಾನ್ ಹೀಟರ್.

ನಿಜವಾದ ದಾರಿ ಹೀಟ್ ಪಂಪ್ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅದು ಶಾಖವನ್ನು ಉಂಟುಮಾಡುವುದಿಲ್ಲ, ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಎತ್ತಿ ಒಳಗೆ ತಂದು ಹಾಕುತ್ತದೆ. ಫ್ರಿಜ್ಜು ತನ್ನ ಹಿಂಬದಿಯಲ್ಲಿ ಮಾಡುವ ಕೆಲಸವನ್ನೇ ಮನೆಯ ಅಳತೆಗೆ ಮಾಡಿದಂತೆ. ಈ ವಿಚಾರವನ್ನು ಲಾರ್ಡ್ ಕೆಲ್ವಿನ್ ಎಂದು ನಂತರ ಹೆಸರಾದ ವಿಲಿಯಂ ಥಾಮ್ಸನ್ 1852ರಲ್ಲಿಯೇ ಮುಂದಿಟ್ಟಿದ್ದರು, 1938ರಲ್ಲಿ ಜ್ಯೂರಿಕ್ ನಗರಸಭಾ ಭವನವನ್ನು ನದಿಯ ನೀರಿನ ಶಾಖದಿಂದ ಕಾಯಿಸಿದ್ದರು. ಸೌಮ್ಯವಾದ ಚಳಿಯಲ್ಲಿ ಒಂದು ಯೂನಿಟ್ಟಿಗೆ ಮೂರು ಯೂನಿಟ್ಟಿನಷ್ಟು ಶಾಖ ಸಿಗುತ್ತದೆ, ಕಡು ಚಳಿಯಲ್ಲಿ ಎರಡರ ಆಸುಪಾಸಿಗೆ ಇಳಿಯಬಹುದು. ಎರಡೇ ಆದರೂ ನನ್ನ ಡಿಸೆಂಬರ್ ಬಿಲ್ಲಿನ ಹೀಟರ್ ಪಾಲು ಅರ್ಧವಾಗುತ್ತಿತ್ತು. ಜಲವಿದ್ಯುತ್ತಿನ ನಾಡಾದ ನಾರ್ವೆಯಲ್ಲಿ ಹಿಂದಿನಿಂದಲೂ ಕರೆಂಟಿನಿಂದಲೇ ಮನೆ ಕಾಯಿಸುವ ರೂಢಿಯಿದೆ. ಅಲ್ಲಿಯ ಸ್ವಂತ ಮನೆಗಳ ಹೊರಗೋಡೆಗಳ ಮೇಲೆ ಈಗ ಹೀಟ್ ಪಂಪಿನ ಪೆಟ್ಟಿಗೆಗಳು ಸಾಮಾನ್ಯ ದೃಶ್ಯ. ಸ್ವಂತ ಮನೆ ಎಂದದ್ದು ಬೇಕೆಂದೇ. ಹೀಟ್ ಪಂಪಿಗೆ ಗೋಡೆಯಲ್ಲಿ ತೂತು ಕೊರೆಯಬೇಕು, ಹೊರಗೆ ಪೆಟ್ಟಿಗೆ ತೂಗುಹಾಕಬೇಕು, ಆ ಎರಡಕ್ಕೂ ಗೋಡೆಯ ಒಡೆಯರ ಅಪ್ಪಣೆ ಬೇಕು. ನ್ಯೂಯಾರ್ಕ್ ನಗರದ ಸಾರ್ವಜನಿಕ ವಸತಿ ಸಂಸ್ಥೆ 2022ರಲ್ಲಿ ಕಿಟಕಿಯ ಹಲಗೆಯ ಮೇಲೆ ಕೂರಿಸಿ ಮಾಮೂಲಿ ಸಾಕೆಟ್ಟಿಗೆ ಸಿಕ್ಕಿಸಬಹುದಾದ 30,000 ಹೀಟ್ ಪಂಪ್‌ಗಳನ್ನು ತರಿಸುವ ಯೋಜನೆ ಪ್ರಕಟಿಸಿತು. ತೂತು ಬೇಡ, ಮನೆ ಬಿಡುವಾಗ ಎತ್ತಿಕೊಂಡು ಹೋಗಬಹುದು. ಬಾಡಿಗೆದಾರ ತಾನೇ ಕೊಂಡು ತರಬಹುದಾದ ಬೆಲೆಗೆ ಇಂಥವು ಇಳಿದರೆ ಈ ಬರಹದ ಅರ್ಧ ಭಾಗ ಹಳತಾಗುತ್ತದೆ, ಹಾಗಾಗಲೆಂದೇ ನನ್ನ ಆಸೆ.

ಮಾಲೀಕರಿಗೆ ಹೀಟ್ ಪಂಪಿನ ವಿಷಯ ಎರಡು ಸಲ ಬರೆದೆ. ಮೊದಲನೆಯ ಸಲ ಬೇಸಿಗೆಯಲ್ಲಿ ನೋಡೋಣವೆಂದರು, ಬೇಸಿಗೆಯಲ್ಲಿ ಈಗೇಕೆ ಅವಸರವೆಂದರು. ಎರಡನೆಯ ಚಳಿಗಾಲಕ್ಕೆ ನಾನು ನನ್ನ ಕೈಲಾದದ್ದನ್ನು ಮಾಡಿದೆ. ಕಿಟಕಿಯ ಸಂದುಗಳಿಗೆ ರಬ್ಬರಿನ ಪಟ್ಟಿ ಅಂಟಿಸಿದೆ. ಚೌಕಟ್ಟಿನ ಸುತ್ತ ಎರಡು ಬದಿಯ ಟೇಪ್ ಹಾಕಿ, ಅದರ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಬಿಗಿದು, ಕೂದಲು ಒಣಗಿಸುವ ಡ್ರೈಯರಿನ ಬಿಸಿಗಾಳಿಯನ್ನು ಅದರ ಮೇಲೆ ಓಡಿಸಿದೆ. ಸುಕ್ಕುಗಳೆಲ್ಲ ಒಂದೊಂದಾಗಿ ಕರಗಿ ಹಾಳೆ ತಮಟೆಯ ಚರ್ಮದಂತೆ ಬಿಗಿಯಾಯಿತು, ಬೆರಳಿಂದ ತಟ್ಟಿದರೆ ಡಬ್ ಎನ್ನುತ್ತಿತ್ತು. ಗಾಜಿಗೂ ಹಾಳೆಗೂ ನಡುವೆ ಸಿಕ್ಕಿಬಿದ್ದ ಎರಡು ಬೆರಳಗಲದ ಗಾಳಿ ಒಂಟಿ ಗಾಜನ್ನು ಹೆಚ್ಚುಕಡಿಮೆ ಜೋಡಿ ಗಾಜಾಗಿ ಮಾಡಿತು. ಪರದೆಯನ್ನು ಕಿಟಕಿಯ ಹಲಗೆಯವರೆಗೆ ಕತ್ತರಿಸಿ ಹೊಲಿದೆ. ಮಾಲೀಕರ ಅನುಮತಿ ಪಡೆದು, ಕರೆಂಟ್ ಕೆಲಸ ಬಲ್ಲವರಿಂದ ಹಳೆಯ ಥರ್ಮೋಸ್ಟಾಟಿನ ಜಾಗದಲ್ಲಿ ಅರ್ಧ ಡಿಗ್ರಿಯನ್ನೂ ಗುರುತಿಸಬಲ್ಲ ಎಲೆಕ್ಟ್ರಾನಿಕ್ ಥರ್ಮೋಸ್ಟಾಟ್ ಹಾಕಿಸಿದೆ. ಆ ಡಿಸೆಂಬರ್‌ನ ಯೂನಿಟ್ಟುಗಳು ಹಿಂದಿನ ಡಿಸೆಂಬರ್‌ಗಿಂತ ಸುಮಾರು ಕಾಲು ಭಾಗ ಕಡಿಮೆ ಬಂದವು. ಆ ವರ್ಷದ ಚಳಿ ಕೊಂಚ ಸೌಮ್ಯವಾಗಿತ್ತಾದ್ದರಿಂದ ಅಷ್ಟೂ ನನ್ನ ಹೆಚ್ಚುಗಾರಿಕೆ ಎನ್ನಲಾರೆ.

ಮಾರ್ಚಿನ ಕೊನೆಗೆ ಮನೆ ಬಿಡಬೇಕಾಯಿತು. ಕರಾರಿನ ಪ್ರಕಾರ ಮನೆಯನ್ನು ಬಂದಾಗ ಇದ್ದ ಸ್ಥಿತಿಯಲ್ಲಿ ಒಪ್ಪಿಸಬೇಕು. ಕೀಲಿಕೈ ಕೊಡುವ ಹಿಂದಿನ ಸಂಜೆ ರಬ್ಬರಿನ ಪಟ್ಟಿಗಳನ್ನು ಕಿತ್ತೆ, ಟೇಪಿನ ಅಂಟನ್ನು ಬಟ್ಟೆಯಿಂದ ಉಜ್ಜಿ ತೆಗೆದೆ, ಹಳೆಯ ಗುಂಡಿಯ ಥರ್ಮೋಸ್ಟಾಟನ್ನು ಅದರ ಜಾಗಕ್ಕೆ ಮರಳಿ ಹಾಕಿಸಿದೆ. ಪ್ಲಾಸ್ಟಿಕ್ ಹಾಳೆಯ ಒಂದು ಮೂಲೆಯನ್ನು ಎಳೆದ ಕೂಡಲೇ ಅದರ ಹಿಂದೆ ಇಡೀ ಚಳಿಗಾಲ ಕೂತಿದ್ದ ತಣ್ಣಗಿನ ಗಾಳಿ ಮುಂಗೈ ಮೇಲೆ ಇಳಿಯಿತು. ಮರುದಿನ ಮಾಲೀಕರು ಪಟ್ಟಿ ಹಿಡಿದು ಕೋಣೆ ಕೋಣೆ ಸುತ್ತಿ, ಕಿಟಕಿಯ ಚೌಕಟ್ಟಿನ ಮೇಲೆ ಬೆರಳಾಡಿಸಿ, "ಎಲ್ಲ ಮೊದಲಿನಂತೆಯೇ ಇಟ್ಟಿದ್ದೀರಿ, ಸಂತೋಷ" ಎಂದು ಸಹಿ ಹಾಕಿದರು.